ನಾನು ಓದದೆ ಬಿಟ್ಟ ಸಾಲು

ಪೈಪಿಗೆ ಹಚ್ಚುವ ಅಂಟಿನ ವಾಸನೆ ಮೆಟ್ಟಿಲಿಳಿದು ಅಡುಗೆಮನೆಯವರೆಗೆ ಬಂದಾಗ ನಾನು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆ. ಮೂಗಿನ ತುದಿಗೆ ಚುರುಕ್ ಎನ್ನುವ, ಆದರೆ ಹಿಂದೆಯೇ ಒಂದಿಷ್ಟು ಸಿಹಿಯಾಗುವ ವಾಸನೆ ಅದು. ಹೋದ ವಾರದ ಮಾತು. ನಮ್ಮ ಅಪಾರ್ಟ್‌ಮೆಂಟಿನ ಮಾಳಿಗೆಯ ಮೇಲಿರುವ ನೀರಿನ ಟಾಕಿಯ ಸೆನ್ಸರ್ ಕೆಟ್ಟಿತ್ತು. ಹೊಸದನ್ನು ಕೂಡಿಸಲು ಒಬ್ಬರು ಬಂದಿದ್ದರು. ಸ್ವಲ್ಪ ಹೊತ್ತಿಗೆ ಅವರೇ ಕೆಳಗಿಳಿದು ನಮ್ಮ ಬಾಗಿಲಿಗೆ ಬಂದರು.

"ಮೇಡಮ್, ಹಳೇ ಸೆನ್ಸರ್ ಜೋಡಿ ಒಂದು ಪುಸ್ತಕ ಬಂದಿರ್ತೈತಿ. ನಿಮ್ಮ ಕಡೆ ಐತಿ ಏನ್ರಿ?"

"ಇಲ್ರಿ," ಅಂದೆ.

ಯೋಚಿಸಿ ಹೇಳಿದ ಉತ್ತರವಲ್ಲ. ಬಾಯಿಗೆ ರೂಢಿಯಾದಂತೆ ಬಂದುಬಿಟ್ಟಿತು. ಅವರು ಮೇಲೆ ಹೋದ ಮೇಲೆ ನಾನು ಕೈ ತೊಳೆದುಕೊಂಡು, ಕಟ್ಟೆಯ ಕೆಳಗಿನ ಕೊನೆಯ ಡ್ರಾವರ್ ಎಳೆದೆ. ಚಾಕು, ಸವುಟು, ತುಕ್ಕು ಹಿಡಿದ ಶ್ಯಾವಿಗೆ ಒತ್ತುವ ಅಚ್ಚು... ಎಲ್ಲವನ್ನೂ ತೆಗೆದು ತಳಕ್ಕೆ ಹಾಸಿದ್ದ ಪೇಪರನ್ನು ಎತ್ತಿದೆ. ಎಲ್ಲಿ ಇಟ್ಟಿದ್ದೆನೋ ಅಲ್ಲೇ ಇತ್ತು. ತೆಳ್ಳಗಿನ ಇಂಗ್ಲಿಷ್ ಪುಸ್ತಕ. ಮೂರನೆಯ ಪುಟದಲ್ಲಿ ಅರಿಶಿನದ ಒಂದು ಹೆಬ್ಬೆಟ್ಟಿನ ಗುರುತು. ಗೆರೆಗಳು ಕೂಡ ಎಣಿಸುವಷ್ಟು ಸ್ಪಷ್ಟವಾಗಿದ್ದವು. ನನ್ನದೇ ಹೆಬ್ಬೆಟ್ಟು.

ಆ ಪುಸ್ತಕ ನನಗೆ ಸೇರಿದ್ದಲ್ಲ. ಅದು ಒಬ್ಬ ಪಂಪ್ ಮಿಸ್ತ್ರಿಗೆ ಸೇರಿದ್ದು.

ನಾವೆಲ್ಲ ಅವರನ್ನು ಮಿಸ್ತ್ರಿ ಕಾಕಾ ಎನ್ನುತ್ತಿದ್ದೆವು. ಬೆಂಗೇರಿಯಲ್ಲಿ ಅವರದೊಂದು ಸಣ್ಣ ಅಂಗಡಿ, ಮೋಟಾರು ಬಿಚ್ಚಿ ತಂತಿ ಸುತ್ತುವ ಅಂಗಡಿ. ಬೈರಿದೇವರಕೊಪ್ಪದ ನಮ್ಮ ಎಂಟು ಮನೆಗಳ ಅಪಾರ್ಟ್‌ಮೆಂಟಿಗೆ ನಾವು ಬರುವ ಮೊದಲಿನಿಂದಲೂ ಅವರೇ ಪಂಪಿನವರು. ಎತ್ತರದ ಆಳು, ಮದರಂಗಿ ಹಚ್ಚಿದ ಗಡ್ಡ, ಬಲಗಿವಿಯ ಹಿಂದೆ ಯಾವಾಗಲೂ ಒಂದು ಮೋಟು ಪೆನ್ಸಿಲ್. ಪಾರ್ಕಿಂಗ್ ಜಾಗಕ್ಕೆ ಕಾಲಿಡುವಾಗಲೇ ಚಪ್ಪಲಿ ಬಿಟ್ಟುಬಿಡುತ್ತಿದ್ದರು. "ಅಲ್ಲಿ ಯಾಕ್ರಿ ಕಾಕಾ, ಒಳಗ ಬಿಡ್ರಿ" ಎಂದರೆ, "ನೀರು ಇರೂ ಜಾಗಾ ಅಲ್ಲೇನವ್ವಾ" ಎನ್ನುತ್ತಿದ್ದರು. ಸಂಪು ನಮ್ಮ ಪಾರ್ಕಿಂಗಿನ ನೆಲದಡಿಗೇ ಇತ್ತು. ನಾವು ಅದರ ಮೇಲೆ ಸ್ಕೂಟರ್ ನಿಲ್ಲಿಸುತ್ತಿದ್ದೆವು.

ನಮ್ಮ ಊರಿನಲ್ಲಿ ನಲ್ಲಿಗೆ ನೀರು ಬರುವ ದಿನ ಹಬ್ಬದ ದಿನದ ಹಾಗೆ ನೆನಪಿನಲ್ಲಿರುತ್ತದೆ. ವಾರಕ್ಕೊಮ್ಮೆ ಬಂದರೆ ಪುಣ್ಯ. ಬಂದ ನೀರು ಸಂಪಿಗೆ, ಸಂಪಿನಿಂದ ಪಂಪು ಹೊಡೆದು ಮಾಳಿಗೆಯ ಕರಿ ಟಾಕಿಗೆ. ಟಾಕಿಯಲ್ಲಿ ಎಷ್ಟಿದೆ ಎಂದು ನೋಡಲು ಮಿಸ್ತ್ರಿ ಕಾಕಾ ಮುಚ್ಚಳ ತೆಗೆಯುತ್ತಲೇ ಇರಲಿಲ್ಲ. ಕೈಯಲ್ಲಿ ಒಂದು ಪಾನಾ, ಅಂದರೆ ನಟ್ಟು ಬಿಗಿಯುವ ಸ್ಪ್ಯಾನರ್, ಹಿಡಿದು ಟಾಕಿಯ ಹೊಟ್ಟೆಗೆ ಮೇಲಿನಿಂದ ಕೆಳಗೆ ಮೆಲ್ಲಗೆ ಬಡಿಯುತ್ತ ಬರುತ್ತಿದ್ದರು. ಢಬ್, ಢಬ್, ಢಬ್... ಒಂದು ಕಡೆ ದನಿ ಮಂದವಾಗುತ್ತಿತ್ತಂತೆ. ಅಲ್ಲಿಂದ ತಳಕ್ಕೆ ಕೈಬೆರಳು ಚಾಚಿ ಅಳೆದು, "ನಾಕು ಗೇಣು ಐತಿ, ನಾಳೆ ಮಧ್ಯಾಹ್ನದ ತನಕ ಚಿಂತಿಲ್ಲ" ಎಂದು ಹೇಳಿ ಇಳಿಯುತ್ತಿದ್ದರು. ಆ ಅಂದಾಜು ತಪ್ಪಿದ್ದು ನಾನು ಕಂಡಿಲ್ಲ.

ಆದರೆ ಮೊಣಕಾಲು ಕೈಕೊಡತೊಡಗಿತ್ತು. ಮಾಳಿಗೆಯಿಂದ ಟಾಕಿಯ ಕಟ್ಟೆಗೆ ಹತ್ತಲು ಕಬ್ಬಿಣದ ಏಣಿಯಿತ್ತು. ಮೊದಲು ಒಂದೇ ಉಸಿರಿಗೆ ಹತ್ತುತ್ತಿದ್ದವರು ಆಮೇಲಾಮೇಲೆ ಮೂರನೆಯ ಮೆಟ್ಟಿಲಲ್ಲಿ ನಿಂತು, ಸುಮ್ಮನೆ ದೂರದ ಗುಡ್ಡ ನೋಡುವವರ ಹಾಗೆ ನೋಡುತ್ತಿದ್ದರು. ನಾನು ಬಟ್ಟೆ ಒಣಹಾಕುತ್ತ ನೋಡಿಯೂ ನೋಡದಂತೆ ಇರುತ್ತಿದ್ದೆ. ಇಂಥದರಲ್ಲಿ ನಾನು ಬಹಳ ಸೂಕ್ಷ್ಮ ಎಂದು ನನಗೊಂದು ಹೆಮ್ಮೆಯಿತ್ತು.

ನಮ್ಮ ಸಂಘದ ಅಧ್ಯಕ್ಷರು ನೆಲಮಹಡಿಯವರು, ಕಾಳಿನ ವ್ಯಾಪಾರಿ. ಒಂದು ಭಾನುವಾರ ಅವರೇ ಸುದ್ದಿ ತಂದರು: ಟಾಕಿಯ ಮುಚ್ಚಳಕ್ಕೆ ಒಂದು ಸೆನ್ಸರ್ ಕೂಡಿಸಿದರೆ ನೀರು ಎಷ್ಟಿದೆ ಎಂದು ಅದೇ ತೋರಿಸುತ್ತದೆ, ಪಂಪನ್ನೂ ಅದೇ ಹಚ್ಚಿ ಅದೇ ಆರಿಸುತ್ತದೆ. ಹೊರಗಿನವರನ್ನು ಕರೆಸೋಣ ಎಂದು ಅವರ ಮನಸ್ಸಿನಲ್ಲಿತ್ತು. ಅಲ್ಲೇ ಪಂಪಿನ ಹತ್ತಿರ ಕೂತಿದ್ದ ಮಿಸ್ತ್ರಿ ಕಾಕಾ ಎದ್ದು ಬಂದರು.

"ಸಾವ್ಕಾರ್ರ, ನಾ ಕೂಡಸ್ತೇನ್ರಿ. ಒಮ್ಮಿ ನೋಡ್ರಿ."

"ನಿನಗ ಬರ್ತೈತೇನೋ ಮಿಸ್ತ್ರಿ? ಅದು ಪಾನಾ ತಗೊಂಡು ಬಡಿಯೂದಲ್ಲ," ಎಂದು ಅಧ್ಯಕ್ಷರು ನಕ್ಕರು.

"ಕಲೀತೇನ್ರಿ. ಕಾಲು ಕೇಳವಲ್ವು. ಇದೊಂದು ಕಲ್ತ್ರ ಇನ್ನ ಹತ್ತು ವರ್ಷ ನನ್ನ ಕೆಲಸ ನಡೀತೈತಿ."

ಅಧ್ಯಕ್ಷರು ಮನಸ್ಸು ಮಾಡಿದರು. ನಮ್ಮಲ್ಲಿ ಒಂದು ತಿಂಗಳು ಸರಿಯಾಗಿ ನಡೆದರೆ, ಇದೇ ಬಿಲ್ಡರ್ ಕಟ್ಟಿಸಿದ ಅಕ್ಕಪಕ್ಕದ ಆರು ಅಪಾರ್ಟ್‌ಮೆಂಟುಗಳಿಗೂ ಮಿಸ್ತ್ರಿಯ ಹೆಸರನ್ನೇ ಹೇಳುವುದಾಗಿ ಮಾತು ಕೊಟ್ಟರು. ಅವತ್ತು ಮಿಸ್ತ್ರಿ ಕಾಕಾ ಹೋಗುವಾಗ ಚಪ್ಪಲಿ ಮೆಟ್ಟುವುದನ್ನು ಮರೆತು ಗೇಟಿನವರೆಗೆ ಹೋಗಿ ತಿರುಗಿ ಬಂದರು.

ಎರಡು ದಿನದ ಮೇಲೆ, ಬೆಳಿಗ್ಗೆ ಹತ್ತರ ಹೊತ್ತಿಗೆ, ಡಬ್ಬಿ ಹಿಡಿದು ನಮ್ಮ ಬಾಗಿಲಿಗೆ ಬಂದರು.

"ತಂಗೆವ್ವಾ, ನೀ ಇಂಗ್ಲಿಷ್ ಸಾಲಿ ಕಲ್ತಾಕಿ. ಇದರಾಗ ಏನ್ ಬರದಾರ ಒಂದಿಷ್ಟು ಓದಿ ಹೇಳವ್ವಾ."

ನಾನು ಓದಿದ್ದು ಕಾನ್ವೆಂಟಿನಲ್ಲಿ. ಮದುವೆಯಾಗಿ ಬಂದ ಮೇಲೆ ನನ್ನ ಇಂಗ್ಲಿಷಿಗೆ ಹೆಚ್ಚಿನ ಕೆಲಸವಿರಲಿಲ್ಲ. ಔಷಧದ ಚೀಟಿ, ಬ್ಯಾಂಕಿನ ಪತ್ರ, ಮಕ್ಕಳ ಡೈರಿ. ಹಾಗಾಗಿ ಅವರು ಕೇಳಿದಾಗ ನನಗೆ ನಿಜಕ್ಕೂ ಸಂತೋಷವಾಯಿತು. ಬೇಳೆ ಕುದಿಯಲಿಟ್ಟು, ಅರಿಶಿನ ಹಾಕಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದೆ. ಅವರು ಹೊಸ್ತಿಲ ಹೊರಗೆ ಮೆಟ್ಟಿಲ ಮೇಲೆ ಕೂತರು. ನಾನು ಒಳಗೆ ಸ್ಟೂಲಿನ ಮೇಲೆ.

ಮೊದಲು ಇಂಗ್ಲಿಷಿನಲ್ಲಿ ಓದುವುದು, ಆಮೇಲೆ ಕನ್ನಡದಲ್ಲಿ ಹೇಳುವುದು. ಈ ಸೆನ್ಸರ್ ನಮ್ಮ ಕಿವಿಗೆ ಕೇಳಿಸದ ಒಂದು ದನಿಯನ್ನು ಕೆಳಗೆ ಬಿಡುತ್ತದೆ, ಅದು ನೀರಿಗೆ ಬಡಿದು ಮರಳಿ ಬರುತ್ತದೆ, ಹೋಗಿ ಬರಲು ಹಿಡಿದ ಹೊತ್ತಿನಿಂದ ನೀರು ಎಷ್ಟು ಕೆಳಗಿದೆ ಎಂದು ತಿಳಿಯುತ್ತದೆ ಎಂದು ನಾನು ಹೇಳಿದಾಗ ಅವರ ಮುಖ ಅರಳಿದ್ದು ಇವತ್ತಿಗೂ ಕಣ್ಣ ಮುಂದಿದೆ.

"ಅಂದ್ರ ಇದೂ ನನ್ನಂಗ... ಬಡದು ಕೇಳೂ ಮಂದಿ."

"ಹೌದ್ರಿ ಕಾಕಾ."

"ಸಾವ್ಕಾರ್ರ ಏನೋ ದೊಡ್ಡದು ಅಂದಿದ್ರು. ಇಂವ ನಮ್ಮವನ ಅದಾನು." ಆಮೇಲೆ ಕಿವಿಯ ಹಿಂದಿನ ಪೆನ್ಸಿಲ್ ತೆಗೆದುಕೊಂಡು, "ಮುಂದ ಓದ್ರಿ ಬಾಯಾರ," ಎಂದರು.

ನಮ್ಮ ಕಡೆ ಸಾಲಿಯಲ್ಲಿ, ಅಂದರೆ ಶಾಲೆಯಲ್ಲಿ, ಕಲಿಸುವ ಹೆಣ್ಣುಮಕ್ಕಳಿಗೆ ಬಾಯಾರ ಎನ್ನುತ್ತಾರೆ. ಅಲ್ಲಿಯತನಕ ತಂಗೆವ್ವಾ ಎಂದವರು, ಏಕವಚನದಲ್ಲಿ ಪ್ರೀತಿಯಿಂದ ಮಾತಾಡುತ್ತಿದ್ದವರು, ನಾನು ನಾಲ್ಕು ಸಾಲು ಓದಿದ ಕೂಡಲೇ ಬಾಯಾರ ಅಂದರು. ಆ ಮಾತು ನನ್ನ ತಲೆಗೆ ಹತ್ತಿತು. ಬೆನ್ನು ನೆಟ್ಟಗಾಯಿತು, ದನಿಯೂ ಬದಲಾಯಿತು ಎಂದು ಕಾಣುತ್ತದೆ. ಸಿಸ್ಟರ್ ಮುಂದೆ ನಿಂತು ಓದುವಾಗಿನ ದನಿ.

ಮೂರನೆಯ ಪುಟದಲ್ಲಿ ಒಂದು ಚಿತ್ರವಿತ್ತು. ಮೇಲೆ ಸೆನ್ಸರ್, ಕೆಳಗೆ ನೀರು, ಸೆನ್ಸರಿನ ಮುಖಕ್ಕೆ ಹತ್ತಿಕೊಂಡಂತೆ ಒಂದು ಪಟ್ಟಿ, ಅದರೊಳಗೆ ಓರೆ ಓರೆ ಗೆರೆಗಳು. ಪಕ್ಕದಲ್ಲಿ ಐದಾರು ಸಾಲು. 'ಡೆಡ್ ಬ್ಯಾಂಡ್' ಎಂದಿತ್ತು. ಡೆಡ್ ಗೊತ್ತು. ಬ್ಯಾಂಡ್ ಗೊತ್ತು, ಕೂದಲಿಗೆ ಕಟ್ಟುವುದು. ಎರಡೂ ಸೇರಿದರೆ ಏನೆಂದು ನನಗೆ ಗೊತ್ತಿರಲಿಲ್ಲ. ಮುಂದಿನ ಸಾಲುಗಳೂ ಅರ್ಥವಾಗಲಿಲ್ಲ.

ನಮ್ಮ ಸಾಲಿಯಲ್ಲಿ ಗಟ್ಟಿಯಾಗಿ ಓದುವ ಪಿರಿಯಡ್ ಇರುತ್ತಿತ್ತು. ತಿಳಿಯದ ಶಬ್ದ ಬಂದಾಗ ತಡವರಿಸಿದರೆ ಬೆಂಚಿನ ಮೇಲೆ ನಿಲ್ಲಬೇಕು. ಅದಕ್ಕೆ ನಾವು ಹುಡುಗಿಯರು ಒಂದು ಉಪಾಯ ಕಲಿತಿದ್ದೆವು. ವೇಗ ತಗ್ಗಿಸದೆ, ದನಿ ಇಳಿಸದೆ, ಆ ಸಾಲನ್ನು ದಾಟಿ ಮುಂದಿನದಕ್ಕೆ ಹೋಗಿಬಿಡುವುದು. ಸಿಸ್ಟರಿಗೆ ತಿಳಿಯುತ್ತಿರಲಿಲ್ಲ. ಹಾಗೆ ಓದಿಯೇ ನನಗೆ ಬಹುಮಾನ ಬಂದಿತ್ತು.

ಅವತ್ತು ಮೂವತ್ತೆಂಟರ ವಯಸ್ಸಿನಲ್ಲಿ ನನ್ನ ಮನೆಯ ಹೊಸ್ತಿಲಲ್ಲಿ, ನನ್ನನ್ನು ಬೆಂಚಿನ ಮೇಲೆ ನಿಲ್ಲಿಸುವವರು ಯಾರೂ ಇಲ್ಲದಾಗ, ನಾನು ಅದನ್ನೇ ಮಾಡಿದೆ. ಆ ಸಾಲುಗಳ ಮೇಲೆ ಹೆಬ್ಬೆಟ್ಟಿಟ್ಟು, ಕೆಳಗಿನ ತಂತಿ ಜೋಡಿಸುವ ಭಾಗವನ್ನು ಸರಾಗವಾಗಿ ಓದತೊಡಗಿದೆ.

ಮಿಸ್ತ್ರಿ ಕಾಕಾನ ಕಣ್ಣು ಮಾತ್ರ ಚಿತ್ರದ ಮೇಲೆಯೇ ಇತ್ತು. "ಬಾಯಾರ, ಇಲ್ಲಿ ಗೆರಿ ಹಾಕ್ಯಾರಲ್ರಿ... ಏನದು?"

"ಅದೇನಿಲ್ರಿ ಕಾಕಾ. ಕಂಪನಿಯವರು ಸುಮ್ನ ಚಿತ್ರ ಛಂದ ಕಾಣ್ಲಿ ಅಂತ ಹಾಕಿರ್ತಾರ."

"ಹಂಗಾರ ಛಲೋ," ಎಂದರು. ಒಂದು ಕ್ಷಣ ಮತ್ತೆ ನೋಡಿದರು. ಆಮೇಲೆ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡರು.

ಪುಸ್ತಕ ಬೆವರಿಗೆ ಹಾಳಾಗುತ್ತದೆ, ನಿಮ್ಮ ಹತ್ತಿರವೇ ಇರಲಿ ಎಂದು ನನ್ನ ಕೈಯಲ್ಲೇ ಬಿಟ್ಟು ಮೇಲೆ ಹೋದರು. ಸಂಜೆಯ ಹೊತ್ತಿಗೆ ಸೆನ್ಸರ್ ಟಾಕಿಯ ಮುಚ್ಚಳದಲ್ಲಿ ಕೂತಿತ್ತು. ಮುಚ್ಚಳಕ್ಕೆ ದುಂಡಗೆ ತೂತು ಕೊರೆದು, ಅದರಲ್ಲೇ ಮುಖ ಕೆಳಗೆ ಮಾಡಿ ಬಿಗಿದಿದ್ದರು. ಹಗಲೆಲ್ಲ ಮನೆಯಲ್ಲಿರುವವಳು ನಾನು ಎಂದು, ಅಂಕಿ ತೋರಿಸುವ ಸಣ್ಣ ಪೆಟ್ಟಿಗೆಯನ್ನು ನಮ್ಮ ಅಡುಗೆಮನೆಯ ಗೋಡೆಗೇ ಹಾಕಿದರು. ಟಾಕಿ ತುಂಬಿದರೆ ನೂರು, ಬರಿದಾದರೆ ಸೊನ್ನೆ. ಕೆಂಪು ಅಂಕಿ ಮೊದಲ ಸಲ ಹತ್ತಿಕೊಂಡಾಗ ಅವರು ಮೇಲಕ್ಕೆ ಹೋಗಿ ಪಾನಾದಿಂದ ಬಡಿದು ನೋಡಿ ಬಂದರು. ಇಬ್ಬರ ಲೆಕ್ಕವೂ ಕೂಡಿತ್ತು. ನನ್ನ ಮಗಳ ಪೇಢೆಯ ಡಬ್ಬಿಯಿಂದ ಒಂದು ತೆಗೆದು ಕೊಟ್ಟೆ. ಅರ್ಧ ಬಾಯಿಗೆ ಹಾಕಿಕೊಂಡು ಉಳಿದರ್ಧವನ್ನು ಕಾಗದದಲ್ಲಿ ಸುತ್ತಿ ಜೇಬಿಗಿಟ್ಟರು.

ಹತ್ತು ದಿನ ಎಲ್ಲವೂ ಚೆನ್ನಾಗಿಯೇ ನಡೆಯಿತು. ನೀರು ಕಡಿಮೆಯಿದ್ದ ದಿನಗಳು ಅವು. ಟಾಕಿ ಪೂರ್ತಿ ತುಂಬುವ ಪ್ರಸಂಗವೇ ಬರಲಿಲ್ಲ.

ಹನ್ನೊಂದನೆಯ ದಿನ ಬೆಳಿಗ್ಗೆ ನಲ್ಲಿಗೆ ಜೋರಾಗಿ ನೀರು ಬಂತು. ಸಂಪು ತುಂಬಿತು, ಪಂಪು ತಾನೇ ಹತ್ತಿತು. ನಾನು ರೊಟ್ಟಿ ಬಡಿಯುತ್ತ ಅಂಕಿಗಳನ್ನು ನೋಡುತ್ತಿದ್ದೆ. ಎಂಬತ್ತು. ಎಂಬತ್ತೆಂಟು. ತೊಂಬತ್ತೊಂದು. ಆಮೇಲೆ ಒಮ್ಮೆಲೇ ಅರವತ್ತೆರಡು. ಯಾರೋ ದೊಡ್ಡ ನಲ್ಲಿ ಬಿಟ್ಟಿರಬೇಕು ಎಂದುಕೊಂಡೆ. ಅರವತ್ತೆರಡು ಅಲ್ಲೇ ಅಲುಗದೆ ನಿಂತಿತು. ತುಂಬಲಿ ಎಂದು ರೊಟ್ಟಿಗೆ ಮರಳಿದೆ.

ಮಾಳಿಗೆಯ ಮೇಲೆ ಆ ಹೊತ್ತಿಗೆ ನೀರು ಉಕ್ಕುತ್ತಿತ್ತು. ಮೇಲಿನ ಮನೆಯಾಕೆ, ನಾವೆಲ್ಲ ಅತ್ತಿಗೆಯ ಹಾಗೆ ವೈನಿ ಎಂದು ಕರೆಯುವವರು, ಸೀರೆ ಹಾಸಿ ಒಣಹಾಕಿದ್ದ ಇಡೀ ವರ್ಷದ ಶ್ಯಾವಿಗೆ ಅಂಟಂಟಾಗಿ ಮುದ್ದೆಯಾಯಿತು. ಕೆಳಗಿನಿಂದ ಅಧ್ಯಕ್ಷರು, "ಏ, ಮ್ಯಾಲ ನೀರು ಉಕ್ಕಾಕತ್ತೈತಿ, ಪಂಪ್ ಬಂದ್ ಮಾಡ್ರಿ" ಎಂದು ಕೂಗುವಷ್ಟರಲ್ಲಿ ಸಂಪು ಬರಿದಾಗಿತ್ತು. ನೀರಿಲ್ಲದೆ ತಿರುಗಿ ತಿರುಗಿ ಮೋಟಾರು ಸುಟ್ಟು ಕರಕಲು ವಾಸನೆ ಬರುತ್ತಿತ್ತು. ನನ್ನ ಗೋಡೆಯ ಮೇಲೆ ಅಂಕಿ ಆಗಲೂ ಅರವತ್ತೆರಡೇ. ಎಂಟು ಮನೆಗಳ ಒಂದು ವಾರದ ನೀರು ರಸ್ತೆಯ ಗಟಾರಕ್ಕೆ ಹರಿದುಹೋಯಿತು.

ಜನರೆಲ್ಲ ಪಾರ್ಕಿಂಗಿನಲ್ಲಿ ಕೂಡಿರುವಾಗ ನಾನು ಮನೆಯೊಳಗೆ ಹೋಗಿ ಪುಸ್ತಕದ ಮೂರನೆಯ ಪುಟ ತೆರೆದೆ. ಹೆಬ್ಬೆಟ್ಟಿನ ಕೆಳಗಿನ ಸಾಲುಗಳನ್ನು ಒಂದೊಂದೇ ಶಬ್ದ ಹಿಡಿದು, ಮಗಳ ಡಿಕ್ಷನರಿ ಇಟ್ಟುಕೊಂಡು ಓದಿದೆ. ಹತ್ತು ನಿಮಿಷವೂ ಹಿಡಿಯಲಿಲ್ಲ. ಸೆನ್ಸರಿನ ಮುಖಕ್ಕೆ ತೀರ ಹತ್ತಿರ ಬಂದ ನೀರನ್ನು ಅದು ಅಳೆಯಲಾರದು, ತಪ್ಪು ಅಂಕಿ ತೋರಿಸುತ್ತದೆ. ಆದ್ದರಿಂದ ತುಂಬಿದ ನೀರಿಗಿಂತ ಇಷ್ಟು ಮೇಲೆ ಅದನ್ನು ಕೂಡಿಸಬೇಕು. ಇಷ್ಟು ಎಂದರೆ, ಸುಮಾರು ಒಂದು ಗೇಣು. ಗೆರೆ ಎಳೆದ ಜಾಗ ಅದೇ ಗೇಣು.

ಸಂಜೆ ಐದಕ್ಕೆ ಮಿಸ್ತ್ರಿ ಕಾಕಾ ಬಂದರು. ಚಪ್ಪಲಿ ಬಿಟ್ಟು ಬಂದು ನಡುವೆ ನಿಂತರು. ಮೇಲಿನ ಮನೆಯ ವೈನಿ, "ನನ್ನ ಶ್ಯಾವಿಗಿ ಹೋತು ಅಂತ ಹೇಳಾಕತ್ತಿಲ್ಲ ಕಾಕಾ, ಆದ್ರ ಹಿಂಗಾ ಮಾಡೂದು?" ಎಂದರು. ಅಧ್ಯಕ್ಷರು ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು.

"ಓದಾಕ ಬರೂದಿಲ್ಲ ಅಂದ ಮ್ಯಾಲ ಯಾಕ ಕೈ ಹಾಕಿದಿ ಮಿಸ್ತ್ರಿ? ಅದರಾಗ ಎಲ್ಲಾ ಬರದಿರ್ತಾರ."

"ಓದ್ಸಿದ್ನಿರಿ," ಎಂದರು ಮಿಸ್ತ್ರಿ ಕಾಕಾ. ಹಾಗೆನ್ನುತ್ತ ನನ್ನ ಕಡೆ ನೋಡಿದರು. ದೂರುವ ನೋಟವಲ್ಲ. ತರಗತಿಯಲ್ಲಿ ಉತ್ತರ ಮರೆತ ಮಗು ಬಾಯಾರ ಕಡೆ ನೋಡುತ್ತದಲ್ಲ, ಆ ನೋಟ.

ನಾನು ನನ್ನ ಕಾಲುಂಗುರ ನೋಡುತ್ತ ನಿಂತೆ. ಎಡಗಾಲಿನದು ಸ್ವಲ್ಪ ಸಡಿಲವಾಗಿತ್ತು. ಅದನ್ನು ಬಲಗಾಲಿನ ಬೆರಳಿನಿಂದ ತಿರುಗಿಸುತ್ತಿದ್ದೆ. ಎರಡು ಸುತ್ತು, ಮೂರು ಸುತ್ತು... ನಮ್ಮ ಮನೆಯವರು ನನ್ನ ಪಕ್ಕದಲ್ಲೇ ನಿಂತಿದ್ದರು. ಮೇಲಿನ ಮನೆಯ ವೈನಿ ನನ್ನ ಇಂಗ್ಲಿಷನ್ನು ಎಷ್ಟು ಸಲ ಹೊಗಳಿದ್ದರೋ.

"ಓದಿದವರು ಛಲೋನ ಓದ್ಯಾರ್ರಿ," ಎಂದರು ಮಿಸ್ತ್ರಿ ಕಾಕಾ ಆಮೇಲೆ. "ನಾನ ತಪ್ಪು ತಿಳಕೊಂಡ್ನಿ."

ಮೋಟಾರನ್ನು ಬಿಚ್ಚಿ ಹೆಗಲ ಮೇಲೆ ಇಟ್ಟುಕೊಂಡು ಹೊರಟರು. ಕುಂಟುತ್ತಿದ್ದರು. ಪಾರ್ಕಿಂಗಿನ ಅಂಚಿನಲ್ಲಿ ಚಪ್ಪಲಿ ಮೆಟ್ಟಲು ಬಗ್ಗಲಾಗದೆ ಕಾಲಿನಿಂದಲೇ ಅದನ್ನು ಹುಡುಕಿದರು.

ನಾಲ್ಕು ದಿನದಲ್ಲಿ ಹೊಸ ತಂತಿ ಸುತ್ತಿ ಮೋಟಾರು ತಂದರು. ಅದನ್ನು ಕೂಡಿಸಿ ನಮ್ಮ ಬಾಗಿಲಿಗೆ ಬಂದು, ಈ ಸಲ ಮೆಟ್ಟಿಲ ಮೇಲೆ ಕೂರದೆ ನಿಂತೇ ಮಾತಾಡಿದರು.

"ಬಾಯಾರ, ಆ ಪುಸ್ತಕ ಒಮ್ಮೆ ಕೊಡ್ತೀರೇನ್ರಿ? ಬೆಂಗೇರಿ ಸಾಲಿ ಮಾಸ್ತರರು ಒಬ್ಬರು ಅದಾರ. ಇನ್ನೊಮ್ಮೆ ಓದ್ಸಿ ನೋಡ್ತೇನಿ. ಸಾವ್ಕಾರ್ರಿಗೂ ತೋರಸ್ಬೇಕು."

ಎಲ್ಲ ಹೇಳಿಬಿಡಲು ಅದೇ ಹೊತ್ತು. ಪುಸ್ತಕ ಒಳಗೆ ಫ್ರಿಜ್ಜಿನ ಮೇಲಿತ್ತು. ಮಾಸ್ತರರು ಮೂರನೆಯ ಪುಟಕ್ಕೆ ಬರುತ್ತಾರೆ, ಅರಿಶಿನದ ಗುರುತು ಕಾಣುತ್ತದೆ, ಅಧ್ಯಕ್ಷರಿಗೆ ಗೊತ್ತಾಗುತ್ತದೆ, ವೈನಿಗೆ ಗೊತ್ತಾಗುತ್ತದೆ... ಇಷ್ಟೇ ನನ್ನ ತಲೆಯಲ್ಲಿ ಓಡಿದ್ದು. ಅವರ ಆರು ಅಪಾರ್ಟ್‌ಮೆಂಟುಗಳ ವಿಚಾರ ಬರಲೇ ಇಲ್ಲ.

"ಇಲ್ರಿ ಕಾಕಾ," ಅಂದೆ. "ರದ್ದಿಯವಗ ಹೋತು ಅನಸ್ತೈತಿ."

ಅವರು ನನ್ನನ್ನು ನೋಡಿದರು. ನಂಬಿದರೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. "ಇರ್ಲಿ ಬಿಡ್ರಿ ಬಾಯಾರ," ಎಂದರು. ಆಮೇಲೆ ತಾವಾಗಿಯೇ ಹೇಳಿದರು. "ನನಗ ಗೊತ್ತಾತ್ರಿ. ಅಂಗಡ್ಯಾಗ ಬಕೆಟ್ಟಿಗೆ ನೀರು ಹಾಕಿ, ಬ್ಯಾರೆ ಸೆನ್ಸರ್ ಹಿಡದು, ಎರಡು ದಿನ ನೋಡಿದೆ. ಗಂಟಿ ಬಾರಿಸಿದ ಮ್ಯಾಲ ಅದರ ಗುಂಯ್ ಅನ್ನೂದು ನಿಲ್ಲೂತನಾ ನಮ್ಮ ಕಿವಿಗೆ ಬ್ಯಾರೆ ಕೇಳ್ತೈತೇನ್ರಿ? ಇಲ್ಲ. ಇದಕ್ಕೂ ಹಂಗ. ನೀರು ಭಾಳ ಸನೇಕ ಬಂದ್ರ ತನ್ನ ದನಿಯೊಳಗ ತಾನ ಕಿವುಡಾಗ್ತೈತಿ."

ನಾನು ಡಿಕ್ಷನರಿ ಹಿಡಿದು ತಿಳಿದದ್ದಕ್ಕಿಂತ ಚೆನ್ನಾಗಿ ಅವರು ಬಕೆಟ್ಟು ಹಿಡಿದು ತಿಳಿದಿದ್ದರು. ಆ ಐದಾರು ಸಾಲುಗಳನ್ನು ನಾನು ಹೇಗೋ ಹೇಳಿದ್ದರೂ, ತಪ್ಪುತಪ್ಪಾಗಿ ಹೇಳಿದ್ದರೂ, ಅವರು ಹಿಡಿದುಬಿಡುತ್ತಿದ್ದರು. 'ನನಗ ತಿಳಿವಲ್ದು ಕಾಕಾ' ಎಂದಿದ್ದರೂ ಸಾಕಿತ್ತು.

ಅವತ್ತೇ ಅಗಲವಾದ ಪೈಪಿನ ಒಂದು ಗೇಣುದ್ದದ ತುಂಡು ಕತ್ತರಿಸಿ, ಮುಚ್ಚಳದ ಮೇಲೆ ಕೊರಳಿನ ಹಾಗೆ ನಿಲ್ಲಿಸಿ, ಸೆನ್ಸರನ್ನು ಅದರ ತುದಿಗೆ ಕೂಡಿಸಿದರು. ಅಂಟಿನ ವಾಸನೆ ಸಂಜೆಯತನಕ ಮೆಟ್ಟಿಲಿನಲ್ಲಿ ತುಂಬಿತ್ತು. ಆಮೇಲೆ ಟಾಕಿ ಒಮ್ಮೆಯೂ ಉಕ್ಕಲಿಲ್ಲ. ಆದರೆ ಆರು ಅಪಾರ್ಟ್‌ಮೆಂಟುಗಳ ಕೆಲಸ ಬೇರೆಯವರಿಗೆ ಹೋಯಿತು. ಮುಂದಿನ ವರ್ಷ ನಮ್ಮ ಪಂಪಿನ ಕೆಲಸವೂ ಆ ಬೇರೆಯವರಿಗೇ ಹೋಯಿತು. ಮಿಸ್ತ್ರಿ ಕಾಕಾ ಅಂಗಡಿ ಮುಚ್ಚಿ, ಲಕಮನಹಳ್ಳಿಯ ಯಾವುದೋ ಕಾರ್ಖಾನೆಯ ಗೇಟಿನಲ್ಲಿ ಕೂರುತ್ತಾರೆಂದು ಕೇಳಿದೆ. ಪುಸ್ತಕವನ್ನು ಫ್ರಿಜ್ಜಿನ ಮೇಲಿನಿಂದ ತೆಗೆದು ಡ್ರಾವರಿನ ಪೇಪರಿನ ಕೆಳಗೆ ಇಟ್ಟೆ. ಹರಿದು ಒಗೆಯಲು ಯಾಕೋ ಕೈ ಬರಲಿಲ್ಲ.

ಒಮ್ಮೆ ಮಾತ್ರ ಸಿಕ್ಕಿದ್ದರು. ಧಾರವಾಡದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಕಾವಲುಗಾರರ ನೀಲಿ ಅಂಗಿ, ಅದು ಅವರ ಎತ್ತರಕ್ಕೆ ಸಾಲದೆ ಮಣಿಕಟ್ಟು ಹೊರಗೆ ಕಾಣುತ್ತಿತ್ತು. ಕಿವಿಯ ಹಿಂದೆ ಪೆನ್ಸಿಲ್ ಇರಲಿಲ್ಲ.

"ಬಾಯಾರ, ಆರಾಮ ಅದೀರೇನ್ರಿ? ಟಾಕಿ ಹೆಂಗೈತಿ?"

"ಛಲೋ ಐತ್ರಿ ಕಾಕಾ." ಹೇಳಬೇಕೆಂದು ಬಾಯಿ ತೆರೆದೆ. ಬಸ್ಸು ಬಂತು. ಬಸ್ಸು ಬಂದದ್ದಕ್ಕೆ ಹೇಳಲಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಆ ದಾರಿಗೆ ಹತ್ತು ನಿಮಿಷಕ್ಕೊಂದು ಬಸ್ಸಿದೆ.

ಹೋದ ಮಳೆಗಾಲದಲ್ಲಿ ಅವರು ತೀರಿಕೊಂಡರೆಂದು ಹಾಲಿನವರು ಹೇಳಿದರು. ಮನೆಗೆ ಹೋಗಬೇಕಿತ್ತು, ಹೋಗಲಿಲ್ಲ. ಅಲ್ಲಿ ಯಾರಾದರೂ, 'ಇವರ ನೋಡ್ರಿ, ಇಂಗ್ಲಿಷ್ ಓದಿ ಹೇಳಿದ ಬಾಯಾರ' ಎಂದು ಗುರುತು ಹೇಳಿಬಿಟ್ಟರೆ...

ಹೋದ ವಾರ ಅವತ್ತು, ಹೊಸ ಸೆನ್ಸರ್ ಕೂಡಿಸಿದವರು ಮಧ್ಯಾಹ್ನ ಹೊರಡುವಾಗ ನಾನು ಮಾಳಿಗೆಗೆ ಹೋದೆ. ಪುಸ್ತಕ ಸೆರಗಿನಲ್ಲಿತ್ತು.

"ಈ ಪೈಪಿನ ಕೊರಳು ಯಾರು ಮಾಡ್ಯಾರ್ರಿ ಮೇಡಮ್?" ಎಂದು ಅವರು ಕೇಳಿದರು. "ಅಳತಿ ಭಾಳ ಬರೋಬ್ಬರಿ ಐತಿ. ಅದನ್ನ ಇಟ್ಟೇನಿ. ಬುಡಕ ಸೀಳಿತ್ತು, ಅಂಟು ಹಚ್ಚೇನಿ ಅಷ್ಟ."

"ನಮ್ಮ ಮಿಸ್ತ್ರಿ ಕಾಕಾ," ಅಂದೆ. ಮತ್ತೇನೋ ಸೇರಿಸಲು ಹೋದೆ, ಅವರಾಗಲೇ ಮೆಟ್ಟಿಲಿಳಿಯುತ್ತಿದ್ದರು.

ಕಬ್ಬಿಣದ ಏಣಿಯ ಮೂರನೆಯ ಮೆಟ್ಟಿಲಿನ ತನಕ ಹತ್ತಿದೆ. ಅಲ್ಲಿಂದ ಗುಡ್ಡವೇನೂ ಕಾಣುವುದಿಲ್ಲ, ಮನೆಗಳೇ. ಟಾಕಿಯ ಮೇಲೆ ಆ ಬಿಳಿ ಕೊರಳು ಬಿಸಿಲಿಗೆ ಹಳದಿಯಾಗಿ ನಿಂತಿತ್ತು. ಉಳಿದ ಮೆಟ್ಟಿಲುಗಳನ್ನೂ ಹತ್ತಿ, ಕೈಬೆರಳು ಚಾಚಿ ಅದಕ್ಕೆ ಇಟ್ಟು ನೋಡಿದೆ. ನನ್ನ ಗೇಣು ಚಿಕ್ಕದು, ಅದರ ತುದಿಯನ್ನು ಮುಟ್ಟಲಿಲ್ಲ. ಮೂರನೆಯ ಪುಟ ತೆರೆದು, ಹೆಬ್ಬೆಟ್ಟಿನ ಕೆಳಗಿದ್ದ ಸಾಲನ್ನು ಇಂಗ್ಲಿಷಿನಲ್ಲಿ ಒಮ್ಮೆ ನಿಧಾನವಾಗಿ ಓದಿದೆ. ಆಮೇಲೆ ರೂಢಿಯಂತೆ ಕನ್ನಡದಲ್ಲಿ ಹೇಳಿದೆ.

"ಕಾಕಾ, ಭಾಳ ಸನೇಕ ಬಂದದ್ದು ಇದಕ್ಕ ತಿಳಿಯೂದಿಲ್ಲಂತ. ನೀರಿಗೂ ಇದಕ್ಕೂ ನಡುವ ಒಂದು ಗೇಣು ಜಾಗಾ ಬಿಡ್ರಿ."

ಹೇಳಲು ಇಷ್ಟೇ ಹೊತ್ತು ಬೇಕಾಗಿತ್ತು.